ಬಿಲ್ ಪ್ರಿಂಟ್ ಆಗುವ ಕಿಂಡಿಯಿಂದ ಒಳಗೆ ಬಂದವರು

ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಹಾಕಿದವರಿಗೆಲ್ಲ ಔಟ್‌ಟರ್ನ್ ಚೀಟಿ ಗೊತ್ತಿರುತ್ತದೆ. ಇಷ್ಟು ಮೂಟೆ ಪಾರ್ಚ್‌ಮೆಂಟ್ (ಸಿಪ್ಪೆ ಇರುವ ಬೀಜ) ಬಂತು, ಸಿಪ್ಪೆ ತೆಗೆದ ಮೇಲೆ ಇಷ್ಟು ಕೆಜಿ ಉಳಿಯಿತು, ಅದರಲ್ಲಿ ಪಿಬಿ ದರ್ಜೆ ಇಷ್ಟು, ಎ ಇಷ್ಟು, ಬಿ ಇಷ್ಟು, ಸಿ ಇಷ್ಟು. ಬೆಳೆಗಾರ ಕಣ್ಣು ಕಿರಿದು ಮಾಡಿ ನೋಡುವುದು ಆ ಅಂಕಿಗಳನ್ನು. ಅಂಕಿಗಳ ಸುತ್ತ ಇರುವ ಗೆರೆ, ಖಾನೆ, ಮೇಲಿನ ಹೆಸರು, ಕೆಳಗೆ ಸಹಿಗೆ ಬಿಟ್ಟ ಜಾಗ, ಇದನ್ನು ಯಾರೂ ನೋಡುವುದಿಲ್ಲ. ಅದು ಕಂಪ್ಯೂಟರಿನಲ್ಲಿ ಬೇರೆಯೇ ಇರುವ ಒಂದು ಫಾರ್ಮ್ಯಾಟ್. ಯಾರೋ ಒಂದು ಸಲ ಮಾಡಿಟ್ಟಿರುತ್ತಾರೆ. ಪ್ರಿಂಟ್ ಒತ್ತಿದಾಗ ಅಂಕಿಗಳು ಬಂದು ಅದರೊಳಗೆ ಕೂರುತ್ತವೆ.

2025ರಲ್ಲಿ ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳ ಲೆಕ್ಕದ ಸರ್ವರ್‌ಗಳಿಗೆ ಕಳ್ಳರು ನುಗ್ಗಿದ್ದು ಈ ಫಾರ್ಮ್ಯಾಟ್‌ಗಳ ದಾರಿಯಿಂದಲೇ. ಅವರು ಒಡೆದ ಸಾಫ್ಟ್‌ವೇರ್ ಒರಾಕಲ್ ಕಂಪನಿಯ ಇ-ಬಿಸಿನೆಸ್ ಸೂಟ್. ಖಾತೆ ಪುಸ್ತಕ, ಸಂಬಳ, ಖರೀದಿ, ಬಿಲ್ ಪಾವತಿ, ಎಲ್ಲವನ್ನೂ ಒಂದೇ ಕಡೆ ಇಡುವ ಸಾಫ್ಟ್‌ವೇರ್ ಅದು. ಅದರಲ್ಲಿ ಪತ್ತೆಯಾದ ತೂತಿಗೆ ಸಿವಿಇ-2025-61882 ಎಂದು ನಂಬರ್. ಅಪಾಯದ ಅಳತೆಯಲ್ಲಿ 10ಕ್ಕೆ 9.8. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ, ಯಾರನ್ನೂ ಮೋಸ ಮಾಡಿ ಲಿಂಕ್ ಒತ್ತಿಸುವುದೂ ಬೇಡ. ಸರ್ವರ್ ಇಂಟರ್‌ನೆಟ್‌ಗೆ ಮುಖ ಮಾಡಿ ಕೂತಿದ್ದರೆ ಸಾಕು.

ನಾನು ಚಿಕ್ಕಮಗಳೂರಿನಲ್ಲಿ ನಾಲ್ಕಾರು ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಈ ಸುದ್ದಿಯನ್ನು ಒಬ್ಬ ಅಕೌಂಟೆಂಟ್‌ಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ‘ನಮ್ಮಲ್ಲಿ ಒರಾಕಲ್ ಎಲ್ಲಿದೆ ಮಾರಾಯ್ರೇ? ಇರೋದು ಟ್ಯಾಲಿ.’ ಸರಿಯಾದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಳ್ಳರು ಒಳಗೆ ಹೋದದ್ದು ಹೇಗೆ ಎಂದು ನೋಡೋಣ. ಏಕೆಂದರೆ ಆ ಉಪಾಯಕ್ಕೂ ಒರಾಕಲ್ ಎಂಬ ಹೆಸರಿಗೂ ಅಂಥ ಸಂಬಂಧವಿಲ್ಲ.

ಒಂದು ಗೋದಾಮು ಅಂದುಕೊಳ್ಳಿ. ಗೇಟಿನಲ್ಲಿ ವಾಚ್‌ಮ್ಯಾನ್ ಇದ್ದಾನೆ. ಹೊರಗಿನವರನ್ನು ಬಿಡುವುದಿಲ್ಲ. ಆದರೆ ಆಫೀಸಿನ ಹುಡುಗನನ್ನು ಕೇಳುವುದಿಲ್ಲ, ಅವನು ನಮ್ಮವನು. ಕಳ್ಳ ಗೇಟಿನ ಹತ್ತಿರ ಬಂದು ಹುಡುಗನ ಕೈಗೆ ಒಂದು ಚೀಟಿ ಕೊಡುತ್ತಾನೆ: ‘ಇಂಥ ವಿಳಾಸಕ್ಕೆ ಹೋಗಿ ಅಲ್ಲಿ ಕೊಡುವುದನ್ನು ತೆಗೆದುಕೊಂಡು ಬಾ.’ ಹುಡುಗ ಹೋಗುತ್ತಾನೆ. ತರುತ್ತಾನೆ. ಹಾಗೆ ತಂದದ್ದು ಒಂದು ಖಾಲಿ ಫಾರ್ಮ್. ಫಾರ್ಮ್ ತುಂಬುವ ಗುಮಾಸ್ತ ಅದನ್ನು ನೋಡುತ್ತಾನೆ. ಒಂದು ಖಾನೆಯಲ್ಲಿ ಬರೆದಿದೆ: ‘ಇಲ್ಲಿಗೆ ಬಂದಾಗ ಎದ್ದು ಹೋಗಿ ಗೋದಾಮಿನ ಹಿಂಬಾಗಿಲು ತೆಗೆ.’ ಗುಮಾಸ್ತನಿಗೆ ಫಾರ್ಮ್‌ನಲ್ಲಿ ಇದ್ದದ್ದನ್ನು ಮಾಡಿ ಅಭ್ಯಾಸ. ಎದ್ದು ಹೋಗಿ ಬಾಗಿಲು ತೆಗೆಯುತ್ತಾನೆ.

ನಡೆದದ್ದು ಹೆಚ್ಚುಕಡಿಮೆ ಇದೇ. ಇ-ಬಿಸಿನೆಸ್ ಸೂಟ್‌ನ ಒಂದು ಪುಟ, ಹೊರಗಿನವರು ಕೊಟ್ಟ ವಿಳಾಸಕ್ಕೆ ತಾನೇ ಹೋಗಿ ಬರುತ್ತಿತ್ತು. ಆ ವಿಳಾಸದೊಳಗೆ ಬೇಡದ ಸಾಲುಗಳನ್ನು ತುರುಕಿ, ಸರ್ವರ್ ತನ್ನೊಳಗಿನ ಇನ್ನೊಂದು ಬಾಗಿಲಿಗೆ ತಾನೇ ಮಾತಾಡುವ ಹಾಗೆ ಮಾಡಿದರು. ಒಳಗಿನಿಂದ ಬಂದ ಮಾತು ತಾನೇ, ತಪಾಸಣೆ ಇಲ್ಲ. ಅಲ್ಲಿಂದ ಒಂದು ಎಕ್ಸ್‌ಎಸ್‌ಎಲ್ ಫೈಲನ್ನು ಕಳ್ಳರ ಸರ್ವರ್‌ನಿಂದ ತರಿಸಿದರು. ಎಕ್ಸ್‌ಎಸ್‌ಎಲ್ ಅಂದರೆ ಅಂಕಿಗಳನ್ನು ಹೇಗೆ ಜೋಡಿಸಿ ತೋರಿಸಬೇಕು ಎಂದು ಹೇಳುವ ಫಾರ್ಮ್ಯಾಟ್ ಅಷ್ಟೇ. ಆದರೆ ಜಾವಾದಲ್ಲಿ ಅದಕ್ಕೆ ಪ್ರೋಗ್ರಾಂ ಓಡಿಸುವ ಶಕ್ತಿಯೂ ಇದೆ. ಅಲ್ಲಿಗೆ ಮುಗಿಯಿತು. ವಾಚ್‌ಟವರ್ ಎಂಬ ಭದ್ರತಾ ಸಂಸ್ಥೆ ಇದನ್ನು ಬಿಡಿಸಿ ನೋಡಿ, ಕನಿಷ್ಠ 5 ಬೇರೆ ಬೇರೆ ದೋಷಗಳನ್ನು ಸರಪಳಿಯಂತೆ ಜೋಡಿಸಿದ್ದಾರೆ ಎಂದಿತು. ಒಂದೊಂದೇ ತೆಗೆದುಕೊಂಡರೆ ಕೆಲವು ಚಿಲ್ಲರೆ ತಪ್ಪುಗಳು. ‘ಇದರಿಂದ ಏನಾಗುತ್ತೆ ಬಿಡು’ ಎನ್ನುವಂಥವು.

ಗೂಗಲ್‌ನ ತನಿಖೆಯವರು ನೋಡಿದ ಇನ್ನೊಂದು ದಾರಿ ನನಗೆ ಇನ್ನೂ ಜಾಸ್ತಿ ಕುತೂಹಲ ಹುಟ್ಟಿಸಿತು. ಅದರಲ್ಲಿ ಕಳ್ಳರು ತಮ್ಮ ಫಾರ್ಮ್ಯಾಟನ್ನು ಡೇಟಾಬೇಸ್ ಒಳಗೇ ಇಟ್ಟರು. ಬಿಲ್ಲು, ಚೆಕ್ಕು, ಖರೀದಿ ಆರ್ಡರ್‌ಗಳ ಫಾರ್ಮ್ಯಾಟ್‌ಗಳು ಸಾಲಾಗಿ ಇರುವ ಟೇಬಲ್‌ನಲ್ಲಿ ಇದೂ ಒಂದು. ಹೆಸರು ‘ಟಿಎಂಪಿ’ ಅಥವಾ ‘ಡಿಇಎಫ್’ ಎಂದು ಶುರು. ಆಮೇಲೆ ಪ್ರಿವ್ಯೂ ತೋರಿಸು ಎಂದು ಕೇಳಿದರು. ಪ್ರಿಂಟ್ ಹೇಗೆ ಬರುತ್ತದೆ ಎಂದು ನೋಡುವ ಪ್ರಿವ್ಯೂ! ಅದು ತೆರೆದಾಗ ಒಳಗಿದ್ದ ಕೋಡ್ ಓಡಿತು.

ಈಗ ತಾರೀಖುಗಳನ್ನು ನೋಡಿ. ಗೂಗಲ್ ಹೇಳುವಂತೆ ಅನುಮಾನದ ಓಡಾಟ 2025ರ ಜುಲೈ 10ರಿಂದಲೇ ಇತ್ತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಗುರುತಿಸಿದ ಮೊದಲ ದಾಳಿ ಆಗಸ್ಟ್ 9ರದ್ದು. ಬಲಿಯಾದವರಿಗೆ ಗೊತ್ತಾದದ್ದು ಸೆಪ್ಟೆಂಬರ್ 29ರ ಸುಮಾರಿಗೆ. ಅದೂ ಕಳ್ಳರೇ ಇಮೇಲ್ ಹಾಕಿ, ‘ನಿಮ್ಮ ದಾಖಲೆ ನಮ್ಮ ಹತ್ತಿರ ಇದೆ, ದುಡ್ಡು ಕೊಡಿ’ ಎಂದ ಮೇಲೆ. ಕಳಿಸಿದವರು ಕ್ಲಾಪ್ ಎಂಬ ಗುಂಪಿನ ಹೆಸರು ಹಾಕಿದ್ದರು. ಒರಾಕಲ್ ಮೊದಲು, ಅಕ್ಟೋಬರ್ 2ರಂದು, ಜುಲೈನಲ್ಲಿ ನಾವು ಪ್ಯಾಚ್ (ತೂತು ಮುಚ್ಚುವ ತಿದ್ದುಪಡಿ) ಕೊಟ್ಟಿದ್ದ ದೋಷಗಳನ್ನೇ ಬಳಸಿರಬಹುದು ಎಂದಿತು. ಅಂದರೆ, ನೀವು ಹಾಕಿಕೊಳ್ಳದೇ ಹೋದದ್ದು ನಿಮ್ಮ ತಪ್ಪು ಎಂಬ ಧಾಟಿ. ಎರಡೇ ದಿನಕ್ಕೆ ಮಾತು ಬದಲಾಯಿತು. ಅಕ್ಟೋಬರ್ 4ರಂದು, ಇದು ಹೊಸ ತೂತು, ತುರ್ತಾಗಿ ಈ ಪ್ಯಾಚ್ ಹಾಕಿ ಎಂದು ಪ್ರಕಟಣೆ ಬಂತು. 12.2.3ರಿಂದ 12.2.14ರವರೆಗಿನ ಆವೃತ್ತಿಗಳಿಗೆಲ್ಲ ಅನ್ವಯ. ಒಂದು ವಾರ ಕಳೆದು ಅಕ್ಟೋಬರ್ 11ಕ್ಕೆ ಇನ್ನೊಂದು ತೂತು, ಇನ್ನೊಂದು ಪ್ಯಾಚ್.

ಸೆಪ್ಟೆಂಬರ್ 29 ಅಂದರೆ ಲೆಕ್ಕದವರಿಗೆ ಅರ್ಧ ವರ್ಷದ ಕ್ಲೋಸಿಂಗ್‌ನ ಹಿಂದಿನ ದಿನ. ತಲೆ ಎತ್ತಿ ಇಮೇಲ್ ನೋಡಲೂ ಪುರುಸೊತ್ತಿಲ್ಲದ ದಿನ. ಬೇಕೆಂದೇ ಆ ದಿನ ಆರಿಸಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಆಫೀಸುಗಳಲ್ಲಿ ಕೂತಿದ್ದವರ ಮುಖ ನನಗೆ ಕಾಣುತ್ತದೆ.

ಬಲಿಯಾದವರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯೂ ಒಂದು. ಈಗಿನ ಮತ್ತು ಹಿಂದಿನ ಸಿಬ್ಬಂದಿ, ಗುತ್ತಿಗೆದಾರರು ಸೇರಿ 9,720 ಜನರ ಮಾಹಿತಿ ಹೋಯಿತು. ಹೆಸರು, ಬ್ಯಾಂಕ್ ಖಾತೆ ಸಂಖ್ಯೆ, ತೆರಿಗೆಗೆ ಸಂಬಂಧಿಸಿದ ಗುರುತಿನ ಸಂಖ್ಯೆ ಎಲ್ಲ. ಗಮನಿಸಿ, ಯಾವ ಫೈಲಿಗೂ ಬೀಗ ಬೀಳಲಿಲ್ಲ. ಸರ್ವರ್ ನಿಲ್ಲಲಿಲ್ಲ. ಸಂಬಳ ಸರಿಯಾಗಿ ಆಯಿತು, ಬಿಲ್ಲುಗಳು ಸರಿಯಾಗಿ ಪ್ರಿಂಟ್ ಆದವು. ಕ್ಲಾಪ್ ಗುಂಪಿನ ರೀತಿಯೇ ಹಾಗೆ. 2023ರಲ್ಲಿ ಮೂವ್‌ಇಟ್ ಎಂಬ ಫೈಲ್ ಕಳಿಸುವ ಸಾಫ್ಟ್‌ವೇರ್ ಮೇಲಿನ ದಾಳಿಯಲ್ಲೂ ಸದ್ದಿಲ್ಲದೆ ನಕಲು ಮಾಡಿಕೊಂಡು ಹೋಗಿದ್ದರು. ಗೋದಾಮಿನಿಂದ ಮೂಟೆ ಹೋದರೆ ಬೆಳಗ್ಗೆ ಗೊತ್ತಾಗುತ್ತದೆ. ಪುಸ್ತಕದ ಜೆರಾಕ್ಸ್ ಹೋದರೆ?

ಇನ್ನು ನಮ್ಮ ಅಕೌಂಟೆಂಟ್‌ರ ಪ್ರಶ್ನೆ. ಇಲ್ಲಿ ಒರಾಕಲ್ ಎಲ್ಲಿದೆ?

ಇಲ್ಲಿ ಇಲ್ಲದೇ ಇರಬಹುದು. ಆದರೆ ನಮ್ಮ ಹೆಸರು ಅದರೊಳಗೆ ಇರಬಹುದು. ಇಲ್ಲಿಂದ ಕಾಫಿ ಕೊಳ್ಳುವ ದೊಡ್ಡ ಕಂಪನಿ ನಿಮಗೆ ದುಡ್ಡು ಹಾಕಬೇಕಾದರೆ ಮೊದಲು ನಿಮ್ಮನ್ನು ವೆಂಡರ್ ಎಂದು ನೋಂದಾಯಿಸುತ್ತದೆ. ಕ್ಯಾನ್ಸಲ್ ಮಾಡಿದ ಚೆಕ್, ಪ್ಯಾನ್, ಜಿಎಸ್‌ಟಿ ನಂಬರ್, ಫೋನ್, ಇಮೇಲ್ ಕೊಟ್ಟಿರುತ್ತೀರಿ. ಅದೆಲ್ಲ ಹೋಗಿ ಕೂರುವುದು ಇಂಥದೇ ಒಂದು ಸಾಫ್ಟ್‌ವೇರ್‌ನಲ್ಲಿ. ಕದ್ದವನಿಗೆ ನಿಮ್ಮ ಖಾತೆ ನಂಬರ್‌ನಿಂದ ನೇರ ದುಡ್ಡು ತೆಗೆಯಲು ಆಗುವುದಿಲ್ಲ. ಆದರೆ ಯಾವ ತಾರೀಖು, ಎಷ್ಟು ಮೂಟೆ, ಯಾವ ಬಿಲ್ ನಂಬರ್, ಎಷ್ಟು ಬಾಕಿ ಎಂದು ಗೊತ್ತಿರುವವನು ಒಂದು ಇಮೇಲ್ ಬರೆದರೆ ನಂಬದೇ ಇರುವುದು ಕಷ್ಟ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಾಕಿ.’ ಇಷ್ಟೇ ಮ್ಯಾಟರ್. ಇದಕ್ಕೆ ಇರುವ ಮದ್ದು ಯಾವ ಸಾಫ್ಟ್‌ವೇರೂ ಅಲ್ಲ. ಮೊದಲಿನಿಂದ ನಿಮ್ಮ ಹತ್ತಿರ ಇರುವ ನಂಬರ್‌ಗೆ ಫೋನ್ ಮಾಡಿ ಕೇಳುವುದು. ಆ ಇಮೇಲ್‌ನಲ್ಲಿ ಕೊಟ್ಟ ನಂಬರ್‌ಗೆ ಅಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ 2024ರ ಜುಲೈ 31ಕ್ಕೆ ಹೋಗಬೇಕು. ಅಂದು ದೇಶದ ಸುಮಾರು 300 ಸಣ್ಣ ಬ್ಯಾಂಕ್‌ಗಳ ಯುಪಿಐ, ಎಟಿಎಂ ವ್ಯವಹಾರ ನಿಂತಿತು. ಎಲ್ಲ ಸಹಕಾರಿ ಬ್ಯಾಂಕ್, ಗ್ರಾಮೀಣ ಬ್ಯಾಂಕ್‌ಗಳು. ಆ ಬ್ಯಾಂಕ್‌ಗಳ ಮೇಲೆ ನೇರವಾಗಿ ದಾಳಿ ಆಗಿರಲಿಲ್ಲ. ಅವುಗಳಿಗೆ ತಾಂತ್ರಿಕ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿಗೆ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಂವೇರ್ ಹೊಕ್ಕಿತ್ತು. ಸ್ಟೇಟ್ ಬ್ಯಾಂಕ್ ಮತ್ತು ಟಿಸಿಎಸ್ ಸೇರಿ ಕಟ್ಟಿದ ಕಂಪನಿ ಅದು. ಸೋಂಕು ಹರಡದಿರಲಿ ಎಂದು ಯುಪಿಐ ನಡೆಸುವ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ಕಡಿದು ಹಾಕಿತು. ಮರುದಿನ ಮತ್ತೆ ಜೋಡಿಸಿತು.

ಸಿ-ಎಡ್ಜ್‌ಗಾದರೂ ಹೇಗೆ ಬಂತು? ಕ್ಲೌಡ್‌ಸೆಕ್ ಎಂಬ ಸೈಬರ್ ಭದ್ರತಾ ಸಂಸ್ಥೆ ಕೊಟ್ಟ ವಿವರದ ಪ್ರಕಾರ ಶುರುವಾದದ್ದು ಇನ್ನೊಂದು ಕಂಪನಿಯಲ್ಲಿ. ಸಿ-ಎಡ್ಜ್ ಜೊತೆ ಕೆಲಸ ಮಾಡುವ ಬ್ರಾಂಟೂ ಟೆಕ್ನಾಲಜಿ ಸೊಲ್ಯೂಷನ್ಸ್‌ನ ಒಂದು ಜೆಂಕಿನ್ಸ್ ಸರ್ವರ್. ಜೆಂಕಿನ್ಸ್ ಲೆಕ್ಕದ ಸಾಫ್ಟ್‌ವೇರೇ ಅಲ್ಲ. ಪ್ರೋಗ್ರಾಂ ಬರೆಯುವವರು ತಮ್ಮ ಕೋಡನ್ನು ಕಟ್ಟಿ ಪರೀಕ್ಷಿಸಲು ಇಟ್ಟುಕೊಳ್ಳುವ ಯಂತ್ರ. ಅದರಲ್ಲಿದ್ದ ತೂತು ಒಂದೇ ಅಕ್ಷರದ್ದು. ಇಮೇಲ್ ವಿಳಾಸದಲ್ಲಿ ಬರುತ್ತದಲ್ಲ, ‘ಅಟ್’ ಚಿಹ್ನೆ, ಅದು. ಜೆಂಕಿನ್ಸ್‌ಗೆ ಕೊಡುವ ಆಜ್ಞೆಯಲ್ಲಿ ಆ ಚಿಹ್ನೆ ಹಾಕಿ ಪಕ್ಕದಲ್ಲಿ ಯಾವುದಾದರೂ ಫೈಲಿನ ಹೆಸರು ಬರೆದರೆ, ಜೆಂಕಿನ್ಸ್ ಆ ಫೈಲನ್ನು ತೆರೆದು ಒಳಗಿದ್ದದ್ದನ್ನು ಓದಿ ಹೇಳುತ್ತಿತ್ತು. ಅನುಕೂಲಕ್ಕೆ ಎಂದು ಯಾರೋ ಇಟ್ಟ ಸೌಲಭ್ಯ. ಗುಟ್ಟಿನ ಕೀಲಿ ಇರುವ ಫೈಲಿಗೂ ಅದು ಹಾಗೇ ಕೆಲಸ ಮಾಡಿತು. 2024ರ ಜನವರಿ 24ಕ್ಕೇ ಇದರ ಪ್ಯಾಚ್ ಬಂದಿತ್ತು. ದಾಳಿ ಸುದ್ದಿಯಾದದ್ದು ಜುಲೈ ಕೊನೆಗೆ. ನಡುವೆ ಆರು ತಿಂಗಳು.

ಈ ಸರಪಳಿ ನೋಡಿ. ಹಾಲಿನ ದುಡ್ಡು ಕಳಿಸಲು ಫೋನ್ ಹಿಡಿದು ನಿಂತವನು, ಅವನ ಬ್ಯಾಂಕು, ಬ್ಯಾಂಕಿನ ವೆಂಡರ್, ವೆಂಡರ್‌ನ ಜೊತೆಗಾರ, ಅವರ ಮೂಲೆಯ ಸರ್ವರ್. ತಪ್ಪು ಇರುವುದು ಕೊನೆಯಲ್ಲಿ, ಪೆಟ್ಟು ಬಿದ್ದದ್ದು ಮೊದಲಿನವನಿಗೆ. ಬ್ಯಾಂಕಿನ ಮ್ಯಾನೇಜರ್‌ಗೆ ಆ ಕೊನೆಯ ಕಂಪನಿಯ ಹೆಸರಾದರೂ ಗೊತ್ತಿತ್ತೋ ಇಲ್ಲವೋ. ಮೇಲ್ವಿಚಾರಣೆಯ ಕಾಗದಗಳೆಲ್ಲ ‘ನಿಮ್ಮ ಬ್ಯಾಂಕ್ ಸುರಕ್ಷಿತವೇ’ ಎಂದು ಕೇಳುತ್ತವೆ. ಅದಕ್ಕಿಂತ ‘ನಿಮ್ಮ ವೆಂಡರ್‌ನ ವೆಂಡರ್ ಯಾರು’ ಎಂದು ಕೇಳುವುದೇ ಈಗ ಜಾಸ್ತಿ ಉಪಯೋಗದ ಪ್ರಶ್ನೆ ಎಂದು ನನಗನಿಸುತ್ತದೆ.

ಊರಿನ ಸೊಸೈಟಿಗಳೂ ಈಗ ಇದೇ ಲೋಕಕ್ಕೆ ಬರುತ್ತಿವೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಕಂಪ್ಯೂಟರೀಕರಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಇಟ್ಟ ಗುರಿ 63,000 ಸಂಘ, 2,516 ಕೋಟಿ ರೂಪಾಯಿ. ದೇಶಕ್ಕೆಲ್ಲ ಒಂದೇ ಬಗೆಯ ಇಆರ್‌ಪಿ (ಎಲ್ಲ ಲೆಕ್ಕವನ್ನೂ ಒಂದೇ ಕಡೆ ಇಡುವ) ಸಾಫ್ಟ್‌ವೇರ್, ನಬಾರ್ಡ್ ಉಸ್ತುವಾರಿ. ಕೈಬರಹದ ಲೆಡ್ಜರ್‌ನಲ್ಲಿ ಬೆಳೆಸಾಲದ ಬಡ್ಡಿ ಲೆಕ್ಕ ಹಾಕಿ ಹಾಕಿ ಬೇಸತ್ತ ಕಾರ್ಯದರ್ಶಿಗಳಿಗೆ ಇದು ನಿಜಕ್ಕೂ ನೆಮ್ಮದಿ. ನಾನು ಇದರ ವಿರೋಧಿ ಅಲ್ಲ. ಒಂದೇ ಸಾಫ್ಟ್‌ವೇರ್ ಆದರೆ ಒಂದು ಪ್ಯಾಚ್‌ನಿಂದ ಎಲ್ಲರ ತೂತು ಮುಚ್ಚಬಹುದು, ಅದು ದೊಡ್ಡ ಲಾಭ. ಹಾಗೇ ಒಂದು ತೂತು ಎಲ್ಲರದ್ದೂ ಆಗುತ್ತದೆ. ಲೆಡ್ಜರ್ ಕಾಲದಲ್ಲಿ ಒಂದು ಸೊಸೈಟಿಯ ಬೀರು ಒಡೆದರೆ ಪಕ್ಕದೂರಿನ ಸೊಸೈಟಿಗೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ವಿಷಯ. ಪಟ್ಟಣ ಸಹಕಾರಿ ಬ್ಯಾಂಕ್‌ಗಳಿಗೆ ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್‌ನಲ್ಲೇ ಸೈಬರ್ ಭದ್ರತೆಗೆ ನಾಲ್ಕು ಹಂತದ ನಿಯಮ ಮಾಡಿದೆ. ಸೊಸೈಟಿಗಳು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಹೊರಗಿವೆ. ರಿಸರ್ವ್ ಬ್ಯಾಂಕಿನ ಕಣ್ಣು ಅಲ್ಲಿಯವರೆಗೆ ಹೋಗುವುದಿಲ್ಲ.

ಇನ್ನು ಪರಿಹಾರ. ಎಲ್ಲರೂ ಹೇಳುವುದು ‘ಪ್ಯಾಚ್ ಹಾಕಿ’. ಹಾಕಬೇಕು, ಸರಿ. ಹಾಕುವುದಕ್ಕೆ ಯಾಕೆ ಆಗುವುದಿಲ್ಲ ಎಂದು ಯಾರೂ ಹೇಳುವುದಿಲ್ಲ.

ಒರಾಕಲ್‌ನ ಆ ತುರ್ತು ಪ್ಯಾಚ್‌ಗೆ ಒಂದು ಷರತ್ತು ಇತ್ತು. 2023ರ ಅಕ್ಟೋಬರ್‌ನ ಪ್ಯಾಚ್ ಮೊದಲೇ ಹಾಕಿರಬೇಕು. ಇಲ್ಲದಿದ್ದರೆ ಇದು ಕೂರುವುದಿಲ್ಲ. ಒರಾಕಲ್ ವರ್ಷಕ್ಕೆ ನಾಲ್ಕು ಸಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನ ಮೂರನೇ ಮಂಗಳವಾರ, ಪ್ಯಾಚ್‌ಗಳ ಕಂತೆ ಬಿಡುತ್ತದೆ. ಎರಡು ವರ್ಷ ಸುಮ್ನೆ ಕೂತವನಿಗೆ ಅಕ್ಟೋಬರ್ 4ರ ಶನಿವಾರ ತುರ್ತು ಕರೆ ಬಂದರೆ ಅವನು ಮೊದಲು ಹಳೇ ಸಾಲ ತೀರಿಸಬೇಕು. ಅದನ್ನು ಟೆಸ್ಟ್ ಸರ್ವರ್‌ನಲ್ಲಿ ಹಾಕಿ ನೋಡಬೇಕು, ಸಂಬಳ ಸರಿ ಬರುತ್ತದಾ, ಜಿಎಸ್‌ಟಿ ಸರಿ ಬರುತ್ತದಾ ನೋಡಬೇಕು. ಆಮೇಲೆ ಹೊಸದು. ಕಳ್ಳ ಒಳಗಿದ್ದಾನೆ, ಚಿಲಕ ಹಾಕುವುದಕ್ಕೆ ಮೊದಲು ಬಾಗಿಲನ್ನೇ ರಿಪೇರಿ ಮಾಡಬೇಕು.

ಅವರನ್ನು ನೋಡಿ ನಗುವ ಹಾಗಿಲ್ಲ. ನಾನೇ ಹಾಗೆ ಮಾಡಿದ್ದೇನೆ. ಒಂದು ಆಫೀಸಿನ ಸರ್ವರ್‌ಗೆ ಅಪ್‌ಡೇಟ್ ಹಾಕಬೇಕಿತ್ತು. ನವೆಂಬರ್‌ನಲ್ಲಿ ಕೇಳಿದೆ. ‘ಅರೇಬಿಕಾ ಕೊಯ್ಲು ಶುರುವಾಗಿದೆ, ದಿನಾ ಲಾರಿ ಬರ್ತಿದೆ, ಈಗ ಬೇಡ.’ ಜನವರಿಯಲ್ಲಿ ಕೇಳಿದೆ. ರೋಬಸ್ಟಾ. ಮಾರ್ಚ್‌ನಲ್ಲಿ ಕೇಳುವ ಧೈರ್ಯವೇ ಆಗಲಿಲ್ಲ, ಇಯರ್ ಎಂಡಿಂಗ್. ಏಪ್ರಿಲ್‌ನಲ್ಲಿ ಆಡಿಟ್. ಜೂನ್‌ನಲ್ಲಿ ಮಳೆ ಹಿಡಿದು ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಅರ್ಧದಲ್ಲಿ ನಿಂತರೆ ಕಷ್ಟ ಎಂದು ನಾನೇ ಬಿಟ್ಟೆ. ನೋಡನೋಡುತ್ತ ಮತ್ತೆ ನವೆಂಬರ್. ಯಾರೂ ಸೋಮಾರಿಗಳಲ್ಲ. ಪ್ಯಾಚ್‌ಗೆ ಒಳ್ಳೆಯ ದಿನ ಎಂದು ಪಂಚಾಂಗದಲ್ಲಿ ಬರೆದಿರುವುದಿಲ್ಲ, ಅಷ್ಟೇ. ಈಗ ನಾನು ಮಾಡುವುದು, ವರ್ಷದ ಶುರುವಿನಲ್ಲೇ ನಾಲ್ಕು ಭಾನುವಾರ ಗೊತ್ತು ಮಾಡಿ ಮಾಲೀಕರ ಕೈಲೇ ಕ್ಯಾಲೆಂಡರ್ ಮೇಲೆ ಬರೆಸುವುದು. ಅವರೇ ಬರೆದದ್ದನ್ನು ಮುಂದೂಡಲು ಅವರಿಗೇ ಸ್ವಲ್ಪ ಮುಜುಗರ.

ಪ್ಯಾಚ್ ಹಾಕಿದ ಮೇಲೂ ಕೆಲಸ ಬಾಕಿ ಇರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವುದು ನಮ್ಮ ಗಾದೆ. ಇಲ್ಲಿ ಅದಕ್ಕಿಂತ ಕಷ್ಟ, ಬಾಗಿಲು ಹಾಕುವಾಗ ಕಳ್ಳ ಇನ್ನೂ ಒಳಗೇ ಇರಬಹುದು. ಅದಕ್ಕೇ ಗೂಗಲ್‌ನವರು ಪ್ಯಾಚ್ ಜೊತೆಗೆ, ಡೇಟಾಬೇಸ್‌ನಲ್ಲಿ ಫಾರ್ಮ್ಯಾಟ್‌ಗಳಿರುವ ಟೇಬಲ್ ತೆರೆದು ನಮ್ಮದಲ್ಲದ್ದು ಏನಾದರೂ ಕೂತಿದೆಯಾ ನೋಡಿ ಎಂದದ್ದು. ಇದಕ್ಕೆ ಲಾಗ್ ಬೇಕು, ಅಂದರೆ ಸರ್ವರ್‌ನಲ್ಲಿ ಯಾವಾಗ ಏನು ನಡೆಯಿತು ಎಂಬ ದಾಖಲೆ. ಜುಲೈ 10ರಿಂದ ಸೆಪ್ಟೆಂಬರ್ 29ಕ್ಕೆ 81 ದಿನ. ಮೂವತ್ತು ದಿನದ ಲಾಗ್ ಇಟ್ಟು ಹಳೆಯದನ್ನು ಅಳಿಸುವ ಆಫೀಸಿಗೆ ಬೆದರಿಕೆ ಪತ್ರ ಬಂದ ದಿನ ಹಿಂದೆ ತಿರುಗಿ ನೋಡಲು ಏನೂ ಉಳಿದಿರುವುದಿಲ್ಲ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ನಮ್ಮ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನ ನಿರ್ದೇಶನದಲ್ಲಿ 180 ದಿನದ ಲಾಗ್ ಇಡಬೇಕು, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು ಎಂದಿದೆ. ಆರು ಗಂಟೆಗೆ ಕೈಗಾರಿಕೆಯವರು ಆಗ ತುಂಬಾ ಗೊಣಗಿದರು. 180 ದಿನದ ಮಾತು ಮಾತ್ರ ಸರಿಯಾಗಿದೆ ಎಂದು ಈ ಪ್ರಕರಣವೇ ತೋರಿಸುತ್ತದೆ. (1930 ಸಹಾಯವಾಣಿ ಬೇರೆ, ಅದು ಆನ್‌ಲೈನ್ ವಂಚನೆಯಲ್ಲಿ ದುಡ್ಡು ಕಳೆದುಕೊಂಡವರಿಗೆ. ಆ ನಂಬರ್ ನೆನಪಿಡುವುದು ನಮ್ಮ ಜಿಲ್ಲೆಯವರಿಗೆ ಸುಲಭ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು.)

ಆದರೆ ಒಂದೇ ಒಂದು ಕೆಲಸ ಮಾಡಲು ಸಮಯ ಇದೆ ಎಂದರೆ ನಾನು ಪ್ಯಾಚನ್ನೂ ಮೊದಲು ಹೇಳುವುದಿಲ್ಲ. ಆಫೀಸಿನ ಹುಡುಗನನ್ನು ಹೊರಗೆ ಕಳಿಸಬೇಡಿ ಎನ್ನುತ್ತೇನೆ.

ಆ ಕಥೆ ನೆನಪಿದೆ ಅಲ್ವಾ? ಕಳ್ಳ ಗೇಟು ದಾಟಲಿಲ್ಲ. ನಮ್ಮ ಹುಡುಗನೇ ಹೊರಗೆ ಹೋಗಿ ಫಾರ್ಮ್ ತಂದ. ಲೆಕ್ಕದ ಸರ್ವರ್‌ಗೆ ಇಂಟರ್‌ನೆಟ್‌ನಲ್ಲಿ ಕಂಡ ಕಂಡ ವಿಳಾಸಕ್ಕೆ ಹೋಗಲು ದಾರಿಯೇ ಇಲ್ಲದಿದ್ದರೆ ಆ ಸರಪಳಿ ನಡುವೆಯೇ ತುಂಡಾಗುತ್ತಿತ್ತು. ತೂತು ಇದ್ದೂ ಕಳ್ಳನ ಕೋಡ್ ಬರುತ್ತಿರಲಿಲ್ಲ. ಡೇಟಾಬೇಸ್‌ನಲ್ಲೇ ಇಟ್ಟ ಎರಡನೇ ದಾರಿಯಲ್ಲೂ, ಒಳಗೆ ಬಂದ ಕೋಡ್ ಹೊರಗಿನ ತನ್ನ ಯಜಮಾನನ ಜೊತೆ ಮಾತಾಡಲು ಪರದಾಡಬೇಕಿತ್ತು. ಗೂಗಲ್‌ನ ಸಲಹೆಗಳಲ್ಲಿ ಇದೂ ಇದೆ, ಸರ್ವರ್‌ನಿಂದ ಹೊರಗೆ ಹೋಗುವ ಅನಗತ್ಯ ಸಂಚಾರ ಬಂದ್ ಮಾಡಿ ಎಂದು. ನಾವೆಲ್ಲ ಫೈರ್‌ವಾಲ್ ಎಂದರೆ ಹೊರಗಿನಿಂದ ಬರುವವರನ್ನು ತಡೆಯುವುದು ಎಂದೇ ತಿಳಿದಿದ್ದೇವೆ. ಒಳಗಿನಿಂದ ಹೋಗುವುದನ್ನು ಎಲ್ಲ ತೆರೆದಿಟ್ಟಿರುತ್ತೇವೆ. ಲೆಕ್ಕದ ಸರ್ವರ್ ಎಲ್ಲಿಗೆ ಹೋಗಬೇಕು? ಬ್ಯಾಂಕು, ಜಿಎಸ್‌ಟಿ, ಇ-ವೇ ಬಿಲ್, ಅಪ್‌ಡೇಟ್ ಬರುವ ಜಾಗ, ಬ್ಯಾಕಪ್ ಇಡುವ ಜಾಗ. ಅಷ್ಟರ ಪಟ್ಟಿ ಮಾಡಿ ಉಳಿದದ್ದಕ್ಕೆ ಬೀಗ. ಇದಕ್ಕೆ ಲೈಸೆನ್ಸ್ ಬೇಡ, ಹೊಸ ಯಂತ್ರ ಬೇಡ, ಆಫೀಸಿನಲ್ಲಿ ಈಗಾಗಲೇ ಇರುವ ಫೈರ್‌ವಾಲ್ ಸಾಕು. ಟ್ಯಾಲಿ ಇರುವ ಕಂಪ್ಯೂಟರ್‌ಗೂ ಇದೇ ಮಾತು. ವೆಂಡರ್‌ನವರು ರಿಪೇರಿಗೆಂದು ಹಾಕಿ ಹೋದ ರಿಮೋಟ್ ಸಾಫ್ಟ್‌ವೇರ್ ಇಪ್ಪತ್ನಾಲ್ಕು ಗಂಟೆ ಓಡುತ್ತಿದ್ದರೆ ಅದನ್ನೂ ಅವರು ಫೋನ್ ಮಾಡಿದಾಗ ಮಾತ್ರ ಆನ್ ಮಾಡಿ. ಒಂದು ಕಡೆ ಅದರ ಪಾಸ್‌ವರ್ಡ್ ಆಫೀಸಿನ ಲ್ಯಾಂಡ್‌ಲೈನ್ ನಂಬರ್ ಆಗಿತ್ತು. ಆ ನಂಬರ್ ಬೋರ್ಡ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ.

ಕಳೆದ ಸಲ ಐ.ಜಿ. ರಸ್ತೆಯ ಒಂದು ಆಫೀಸಿನಲ್ಲಿ ಪರೀಕ್ಷೆ ಮಾಡಲು ಕೂತೆ. ಲೆಕ್ಕದ ಸರ್ವರ್‌ನಲ್ಲೇ ಬ್ರೌಸರ್ ತೆರೆದು, ಎಲ್ಲಿಗೆಲ್ಲ ಹೋಗುತ್ತದೆ ನೋಡೋಣ ಎಂದೆ. ನಾನು ಏನೂ ಟೈಪ್ ಮಾಡುವ ಮೊದಲೇ ಕ್ರಿಕೆಟ್ ಸ್ಕೋರ್ ಪುಟ ತೆರೆದುಕೊಂಡಿತು. ಹೋಂ ಪೇಜ್ ಅದೇ. ಪಕ್ಕದ ಕುರ್ಚಿಯಲ್ಲಿದ್ದ ಅಕೌಂಟೆಂಟ್ ನನ್ನ ಮುಖ ನೋಡಲಿಲ್ಲ. ‘ಬಂದ್ ಮಾಡ್ತೀರಾ?’ ಎಂದು ಕೇಳಿದರು. ಮಾಡಲೇಬೇಕು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ‘ಈ ಓವರ್ ಮುಗೀಲಿ’ ಎಂದರು.